ತ್ರಾಪಿಜ್ಯ: ನಾಲ್ಕು ಕಾಲಿನ ಒಂದು ಪದ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಲ್ಲಿ ಒಮ್ಮೆ ಚತುರ್ಭುಜಗಳ ಪಾಠ ಮುಗಿಸಿ ಕರಿಹಲಗೆ ಒರೆಸುತ್ತಿದ್ದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ತ್ರಿಭುಜಕ್ಕ ಮೂರು ಬಾಹು ಅದಾವು. ತ್ರಿಕೋನಕ್ಕ ಮೂರು ಕೋನ. ತ್ರಾಪಿಜ್ಯದಾಗ ಮೂರು ಎಲ್ಲೈತ್ರಿ?"

ಪ್ರಶ್ನೆ ನ್ಯಾಯವಾದುದೇ. ತ್ರಿಭುಜ, ತ್ರಿಕೋನ, ತ್ರಿಜ್ಯ, ತ್ರಾಪಿಜ್ಯ ಎಂದು ಒಂದೇ ಉಸಿರಿನಲ್ಲಿ ಹೇಳಿ ನೋಡಿ. ನಾಲ್ಕನೆಯದು ಮೊದಲ ಮೂರರ ತಮ್ಮನಂತೆಯೇ ಕೇಳಿಸುತ್ತದೆ. ಅದರಲ್ಲೂ ತ್ರಿಜ್ಯ ಮತ್ತು ತ್ರಾಪಿಜ್ಯ ಎರಡೂ 'ತ್ರ'ಕಾರದಿಂದ ಶುರುವಾಗಿ 'ಜ್ಯ'ದಲ್ಲಿ ಮುಗಿಯುತ್ತವೆ. ಎರಡಕ್ಕೂ ಏನೋ ಸಂಬಂಧವಿರಬೇಕೆಂದು ಬುದ್ಧಿವಂತ ವಿದ್ಯಾರ್ಥಿಗೆ ತೋಚದಿದ್ದರೆ ಅದೇ ಆಶ್ಚರ್ಯ. ಆದರೆ ಸಂಬಂಧವಿಲ್ಲ. ತ್ರಿಜ್ಯ ಅಚ್ಚ ಭಾರತೀಯ ಪದ. ಜ್ಯಾ ಎಂದರೆ ಬಿಲ್ಲಿನ ಹೆದೆ. ನಮ್ಮ ಖಗೋಳಜ್ಞರು ವೃತ್ತದ ಕಂಸವನ್ನು ಬಿಲ್ಲೆಂದೂ ಅದರ ಅರ್ಧ ಹೆದೆಯನ್ನು ಜ್ಯಾ ಎಂದೂ ಕರೆದರು. ಒಂದು ರಾಶಿಗೆ 30 ಡಿಗ್ರಿ, ಮೂರು ರಾಶಿಗೆ 90 ಡಿಗ್ರಿ. 90 ಡಿಗ್ರಿಯ ಜ್ಯಾ ವೃತ್ತದ ಅರ್ಧವ್ಯಾಸಕ್ಕೇ ಸಮ. ಮೂರು ರಾಶಿಗಳ ಜ್ಯಾ ಆದ್ದರಿಂದ ಅದು ತ್ರಿಜ್ಯಾ. ಅಲ್ಲಿ ಮೂರು ನಿಜವಾಗಿಯೂ ಇದೆ.

ತ್ರಾಪಿಜ್ಯದಲ್ಲಿ ಮೂರೂ ಇಲ್ಲ, ಹೆದೆಯೂ ಇಲ್ಲ. ಅದರಲ್ಲಿರುವುದು ನಾಲ್ಕು, ಮತ್ತು ಕಾಲು.

ಗ್ರೀಕರ ಮೇಜು

ಗ್ರೀಕ್ ಭಾಷೆಯಲ್ಲಿ 'ತ್ರಾಪೆಜ಼ಾ' ಎಂದರೆ ಮೇಜು. ಈ ಪದದ ಮೊದಲ ಭಾಗವಾದ 'ತ್ರಾ' ನಾಲ್ಕು ಎಂಬರ್ಥದ 'ತೆತ್ರಾ'ದ ಸವೆದ ರೂಪ. ಎರಡನೆಯ ಭಾಗ 'ಪೆಜ಼ಾ' ಪಾದವನ್ನು ಸೂಚಿಸುತ್ತದೆ. ಅಂದರೆ ನಾಲ್ಕು ಕಾಲಿನದು. ಪದ ಬಹಳ ಹಳೆಯದು: ಗ್ರೀಸಿನ ಪೈಲೋಸ್ ಅರಮನೆಯಲ್ಲಿ ದೊರೆತ, ಕ್ರಿಸ್ತಪೂರ್ವ 1200ರ ಸುಮಾರಿನ ಜೇಡಿಮಣ್ಣಿನ ಹಲಗೆಗಳಲ್ಲಿ ಮೇಜುಗಳ ಪಟ್ಟಿಯಿದ್ದು, ಅಲ್ಲಿ ಇದು 'ತೊ-ಪೆ-ಜ಼' ಎಂದು ಕಾಣಿಸಿಕೊಳ್ಳುತ್ತದೆ.

ಭಾಷಾವಿಜ್ಞಾನಿಗಳ ಪ್ರಕಾರ ಗ್ರೀಕ್ ಮತ್ತು ಸಂಸ್ಕೃತ ಒಂದೇ ಮೂಲದಿಂದ ಒಡೆದ ಭಾಷೆಗಳು. ಗ್ರೀಕಿನ 'ತೆತ್ರಾ' ಮತ್ತು ಸಂಸ್ಕೃತದ 'ಚತುರ್' ದಾಯಾದಿಗಳು. 'ಪೆಜ಼ಾ' ಮತ್ತು 'ಪಾದ' ಕೂಡ ಹಾಗೆಯೇ. ಆದ್ದರಿಂದ ತ್ರಾಪೆಜ಼ಾ ಪದವನ್ನು ಭಾಗ ಭಾಗವಾಗಿ ಸಂಸ್ಕೃತಕ್ಕೆ ತಿರುಗಿಸಿದರೆ ಸಿಗುವುದು 'ಚತುಷ್ಪಾದ'. ಮೂರನ್ನು ಹುಡುಕಿದ ಹುಡುಗಿಗೆ ಕೊಡಬೇಕಾದ ಉತ್ತರ ಇದು: ಮೂರು ಇಲ್ಲಮ್ಮಾ, ಇರುವುದು ನಾಲ್ಕು.

ಈ ಮೇಜಿನಿಂದ ಹುಟ್ಟಿದ ಪದಗಳು ಅನೇಕ. ಅಥೆನ್ಸಿನ ಸಂತೆಯಲ್ಲಿ ಹಣ ವಿನಿಮಯ ಮಾಡುವವರು ಮೇಜು ಹಾಕಿಕೊಂಡು ಕುಳಿತಿರುತ್ತಿದ್ದರು. ಹೀಗಾಗಿ ಇಂದಿಗೂ ಗ್ರೀಸಿನಲ್ಲಿ ಬ್ಯಾಂಕಿನ ನಾಮಫಲಕದ ಮೇಲೆ 'ತ್ರಾಪೆಜ಼ಾ' ಎಂದೇ ಬರೆದಿರುತ್ತದೆ. (ಇಟಾಲಿಯನ್ನರ 'ಬ್ಯಾಂಕು' ಕೂಡ ಮೂಲದಲ್ಲಿ ಲೇವಾದೇವಿಗಾರರು ಕೂರುತ್ತಿದ್ದ ಒಂದು ಬೆಂಚು. ಹಣಕ್ಕೂ ಮರದ ಸಾಮಾನಿಗೂ ಎಲ್ಲೆಲ್ಲೂ ನಂಟು.) ಕಪ್ಪು ಸಮುದ್ರದ ದಡದಲ್ಲಿ ಮೇಜಿನಂತೆ ಚಪ್ಪಟೆಯಾದ ದಿಬ್ಬದ ಮೇಲೆ ಗ್ರೀಕರು ಕಟ್ಟಿದ ಊರು ತ್ರಾಪೆಜ಼ೂಸ್, ಅದು ಈಗಿನ ತುರ್ಕಿಯ ಟ್ರಾಬ್ಜೋನ್.

ಮೇಜಿಗೆ ಕಿರಿದರ್ಥದ ಪ್ರತ್ಯಯ ಸೇರಿಸಿದರೆ 'ತ್ರಾಪೆಜ಼ಿಯೊನ್', ಅಂದರೆ ಪುಟ್ಟ ಮೇಜು. ಜ್ಯಾಮಿತಿಗೆ ಬಂದದ್ದು ಇದು.

ಯೂಕ್ಲಿಡನ ಬುಟ್ಟಿ

ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಯೂಕ್ಲಿಡ್ ತನ್ನ 'ಎಲಿಮೆಂಟ್ಸ್' ಗ್ರಂಥದ ಮೊದಲ ಸಂಪುಟದ 22ನೆಯ ವ್ಯಾಖ್ಯೆಯಲ್ಲಿ ಚತುರ್ಭುಜಗಳನ್ನು ವಿಂಗಡಿಸಿದ. ವರ್ಗ, ಆಯತ, ವಜ್ರಾಕೃತಿ, ಸಮಾಂತರ ಚತುರ್ಭುಜವನ್ನು ಹೋಲುವ 'ರಾಂಬಾಯ್ಡ್' ಎಂಬ ನಾಲ್ಕನ್ನು ಹೆಸರಿಸಿ, ಉಳಿದವೆಲ್ಲ ತ್ರಾಪೆಜ಼ಿಯಗಳು ಎಂದುಬಿಟ್ಟ. ಅಂದರೆ ಮೂಲದಲ್ಲಿ ಈ ಪದ ಉಳಿದಿದ್ದನ್ನೆಲ್ಲ ಹಾಕುವ ಒಂದು ಬುಟ್ಟಿ. ಸಮಾಂತರ ಬಾಹುಗಳ ಮಾತೇ ಅದರಲ್ಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಸಮಾಂತರ ರೇಖೆ ಎಂದರೇನೆಂದು ಅವನು ಹೇಳುವುದೇ ಮುಂದಿನ, ಅಂದರೆ 23ನೆಯ ವ್ಯಾಖ್ಯೆಯಲ್ಲಿ! ಇನ್ನೂ ಹೇಳದ ಪದವನ್ನು ಬಳಸುವಂತಿಲ್ಲವಲ್ಲ.

ಆರ್ಕಿಮಿಡೀಸ್ ಇದೇ ಪದವನ್ನು ಎರಡು ಬಾಹುಗಳು ಸಮಾಂತರವಾಗಿರುವ ಆಕೃತಿಗೆ ಬಳಸಿದ್ದಾನೆ. ಕ್ರಿಸ್ತಶಕ 5ನೆಯ ಶತಮಾನದಲ್ಲಿ ಯೂಕ್ಲಿಡನಿಗೆ ಭಾಷ್ಯ ಬರೆದ ಪ್ರೋಕ್ಲಸ್ ಈ ಬುಟ್ಟಿಯನ್ನು ಎರಡು ಪಾಲು ಮಾಡಿ ತೋರಿಸಿದ: ಒಂದು ಜೊತೆ ಬಾಹುಗಳು ಸಮಾಂತರವಾಗಿದ್ದರೆ ತ್ರಾಪೆಜ಼ಿಯೊನ್, ಯಾವ ಜೊತೆಯೂ ಸಮಾಂತರವಿಲ್ಲದಿದ್ದರೆ ತ್ರಾಪೆಜ಼ೊಯ್ಡ್, ಎಂದರೆ ಮೇಜಿನಂಥದು. ಈ ವಿಂಗಡಣೆ ತನ್ನದಲ್ಲ, ಪೊಸಿಡೋನಿಯಸನದು ಎಂದೂ ಅವನು ಹೇಳಿದ್ದಾನೆ.

ಅರಬ್ಬರು ಯೂಕ್ಲಿಡನನ್ನು ಅನುವಾದಿಸಿದಾಗ ಮೇಜನ್ನು ಬಿಟ್ಟು 'ಮುನ್ಹರಿಫ್', ಎಂದರೆ ಓರೆಯಾದದ್ದು ಎಂದು ಕರೆದರು. 12ನೆಯ ಶತಮಾನದಲ್ಲಿ ಯುರೋಪಿನ ಪಂಡಿತರು ಅರಬ್ಬಿಯಿಂದ ಲ್ಯಾಟಿನ್ನಿಗೆ ತರುವಾಗ ಪದದ ಅರ್ಥ ತಿಳಿದು ಅನುವಾದಿಸುವ ಬದಲು ಕಿವಿಗೆ ಬಿದ್ದಂತೆ 'ಹೆಲ್ಮುಆರಿಫೆ' ಎಂದು ಬರೆದುಕೊಂಡರು. ಗ್ರೀಕರ ಮೇಜು ಹೀಗೆ ಅರಬ್ಬಿ ವೇಷದಲ್ಲಿ ಲ್ಯಾಟಿನ್ನಿಗೆ ಬಂತು. 1551ರಲ್ಲಿ ಇಂಗ್ಲಿಷಿನಲ್ಲಿ ಜ್ಯಾಮಿತಿಯ ಪುಸ್ತಕ ಬರೆದ ರಾಬರ್ಟ್ ರೆಕಾರ್ಡ್ (ಸಮ ಚಿಹ್ನೆಯನ್ನು ಬಳಕೆಗೆ ತಂದವನು ಈತನೇ) ಗ್ರೀಕರ, ಲ್ಯಾಟಿನರ, ಅರಬ್ಬರ ಮೂರೂ ಹೆಸರುಗಳನ್ನು ಕೊಟ್ಟು, ಇಂಗ್ಲಿಷಿನಲ್ಲಿ ಇವಕ್ಕೆ ಹಲಗೆಯಾಕಾರಗಳು ಎನ್ನಬಹುದೆಂದು ಸೂಚಿಸಿದ. ಬೋರ್ಡ್ ಎಂದರೆ ಆಗ ಊಟದ ಮೇಜೂ ಹೌದು. ಆ ಸೂಚನೆಯನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಅವನು ಕೊಟ್ಟ ಲ್ಯಾಟಿನ್ ಹೆಸರು 'ಮೆನ್ಸುಲಾ'. 'ಮೆನ್ಸಾ' ಎಂದರೆ ಮೇಜು, ಮೆನ್ಸುಲಾ ಪುಟ್ಟ ಮೇಜು. ಈ ಮೆನ್ಸಾವೇ ಪೋರ್ಚುಗೀಸಿನಲ್ಲಿ 'ಮೆಸಾ' ಆಯಿತು. ನಮ್ಮ 'ಮೇಜು' ಪೋರ್ಚುಗೀಸಿನ ಮೆಸಾದಿಂದ ಬಂತೋ ಪಾರಸಿಯ 'ಮೇಜ಼್'ನಿಂದ ಬಂತೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಇಂಗ್ಲಿಷರ ಎಡವಟ್ಟು

ಎರಡನೆಯ ಪ್ರಶ್ನೆ ಒಬ್ಬ ಹುಡುಗನಿಂದ ಬಂತು, ಅದೂ ಮೊಬೈಲು ಹಿಡಿದುಕೊಂಡು. ಯಾವ ಬಾಹುಗಳೂ ಸಮಾಂತರವಿಲ್ಲದ ಚತುರ್ಭುಜವೇ ಟ್ರಪೀಜಿಯಂ ಎಂದು ಅಮೆರಿಕದ ಯಾವುದೋ ಪಾಠದಲ್ಲಿ ನೋಡಿ, ಪರೀಕ್ಷೆಯಲ್ಲಿ ಹಾಗೆಯೇ ಬರೆದು, ಅಂಕ ಕಳೆದುಕೊಂಡಿದ್ದ. ಅವನು ನೋಡಿದ್ದು ಸುಳ್ಳಲ್ಲ. ನಮ್ಮ ಪುಸ್ತಕದ್ದೂ ತಪ್ಪಲ್ಲ.

ಇದರ ಮೂಲ 1795ರಲ್ಲಿದೆ. ಆ ವರ್ಷ ಲಂಡನ್ನಿನಲ್ಲಿ ಚಾರ್ಲ್ಸ್ ಹಟನ್ ಎಂಬ ಗಣಿತಜ್ಞ ಪ್ರಕಟಿಸಿದ ಗಣಿತ ನಿಘಂಟಿನಲ್ಲಿ ಪ್ರೋಕ್ಲಸನ ಎರಡು ಹೆಸರುಗಳು ಅದಲು ಬದಲಾದವು: ಸಮಾಂತರ ಬಾಹುಗಳಿರುವುದು ಟ್ರಪಿಜಾಯ್ಡ್, ಇಲ್ಲದಿರುವುದು ಟ್ರಪೀಜಿಯಂ ಎಂದು ಅಚ್ಚಾಯಿತು. ಪುಸ್ತಕ ಹೆಸರುವಾಸಿಯಾದ್ದರಿಂದ ಈ ಬಳಕೆಯೂ ಹರಡಿತು. ಸುಮಾರು 1875ರ ಹೊತ್ತಿಗೆ ಇಂಗ್ಲೆಂಡಿನವರು ಹಳೆಯ ಅರ್ಥಕ್ಕೆ ಮರಳಿದರು. ಅಷ್ಟರಲ್ಲಿ ಅದಲು ಬದಲಾದ ಅರ್ಥ ಅಮೆರಿಕ ಸೇರಿ ಅಲ್ಲಿಯೇ ನೆಲೆ ನಿಂತಿತ್ತು. ಹೀಗಾಗಿ ಒಂದೇ ಇಂಗ್ಲಿಷ್ ಭಾಷೆಯಲ್ಲಿ ಎರಡು ಪದಗಳು ಸಾಗರದ ಆಚೆಗೂ ಈಚೆಗೂ ತದ್ವಿರುದ್ಧ ಅರ್ಥ ಕೊಡುತ್ತವೆ. ನಾವು ಬ್ರಿಟಿಷ್ ಪಠ್ಯಗಳ ದಾರಿಯಲ್ಲಿ ಬಂದವರಾದ್ದರಿಂದ ನಮ್ಮ ಟ್ರಪೀಜಿಯಂ ಅಮೆರಿಕದವರ ಟ್ರಪಿಜಾಯ್ಡ್. ಅಂತರ್ಜಾಲದಲ್ಲಿ ಪಾಠ ನೋಡುವ ಮಕ್ಕಳಿಗೆ ಶಿಕ್ಷಕರು ಈ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಯುರೋಪಿನ ಉಳಿದ ಭಾಷೆಗಳಿಗೆ ಈ ತೊಂದರೆ ತಟ್ಟಲಿಲ್ಲ. ಜರ್ಮನರ ಟ್ರಪೆಟ್ಸ್, ಫ್ರೆಂಚರ ತ್ರಪೇಜ಼್, ಇಟಲಿಯ ತ್ರಪೇತ್ಸಿಯೊ, ಸ್ಪೇನಿನ ತ್ರಪೇಸಿಯೊ, ರಷ್ಯದ ತ್ರಪೇತ್ಸಿಯಾ ಇವೆಲ್ಲ ಸಮಾಂತರ ಬಾಹುಗಳಿರುವ ಆಕೃತಿಯನ್ನೇ ಸೂಚಿಸುತ್ತವೆ. ಕೆಲವರು ಗ್ರೀಕ್ ಪದವನ್ನು ಬಿಟ್ಟು ಸ್ವಂತ ಪದ ಮಾಡಿಕೊಂಡರು. ಫಿನ್ಲೆಂಡಿನವರದು 'ಅರೆ ಸಮಾಂತರ ಚತುರ್ಭುಜ' ಎಂಬರ್ಥದ ಪದ. ನನಗೆ ಕೇಳಿದರೆ ಇದೇ ಎಲ್ಲಕ್ಕಿಂತ ಜಾಣತನದ ಹೆಸರು. ತುರ್ಕಿಯಲ್ಲಿ ಅರಬ್ಬಿ ಮೂಲದ ಹಳೆಯ ಪಾರಿಭಾಷಿಕ ಪದಗಳನ್ನು ತೆಗೆದು ಜನರ ಮಾತಿನ ಪದಗಳನ್ನು ತರಬೇಕೆಂದು ಸ್ವತಃ ಕೆಮಾಲ್ ಅತಾತುರ್ಕ್ ಜ್ಯಾಮಿತಿಯ ಒಂದು ಕಿರುಪುಸ್ತಕ ಬರೆದರು. ಅದು 1937ರಲ್ಲಿ ಪ್ರಕಟವಾಯಿತು. ಇಂದು ತುರ್ಕಿಯ ಮಕ್ಕಳು ಈ ಆಕೃತಿಗೆ 'ಯಾಮುಕ್' ಎನ್ನುತ್ತಾರೆ, ಅಂದರೆ ಸೊಟ್ಟಗಿರುವುದು.

ಜ್ಯಾಮಿತಿಯ ಹೊರಗೂ ಈ ಪದ ಅಲೆದಾಡಿದೆ. ಸರ್ಕಸ್ಸಿನಲ್ಲಿ ಮೇಲಿನಿಂದ ಇಳಿಬಿಟ್ಟ ಎರಡು ಹಗ್ಗ ಮತ್ತು ಅಡ್ಡ ಕೋಲು ಸೇರಿ ಈ ಆಕಾರವಾಗುವುದರಿಂದ ಫ್ರೆಂಚರು ಆ ಉಯ್ಯಾಲೆಗೂ ತ್ರಪೇಜ಼್ ಎಂದರು. 1859ರಲ್ಲಿ ಪ್ಯಾರಿಸಿನಲ್ಲಿ ಜೂಲ್ ಲಿಯೋತಾರ್ ಒಂದು ಉಯ್ಯಾಲೆಯಿಂದ ಮತ್ತೊಂದಕ್ಕೆ ಹಾರಿ ತೋರಿಸಿದ ಮೇಲೆ ಆ ಪದ ಲೋಕಪ್ರಸಿದ್ಧವಾಯಿತು. ನಮ್ಮ ಮಣಿಕಟ್ಟಿನ ಎಂಟು ಮೂಳೆಗಳಲ್ಲಿ ಹೆಬ್ಬೆರಳಿನ ಬುಡದ್ದು ಟ್ರಪೀಜಿಯಂ, ಅದರ ಪಕ್ಕದ್ದು ಟ್ರಪಿಜಾಯ್ಡ್. ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯ ನಡುವೆ ದೂರದರ್ಶಕಕ್ಕೆ ಕಾಣುವ ನಾಲ್ಕು ತರುಣ ನಕ್ಷತ್ರಗಳ ಗುಂಪಿಗೂ ಟ್ರಪೀಜಿಯಂ ಎಂದೇ ಹೆಸರು.

ನಮ್ಮವರು ಕಂಡದ್ದು ಮುಖ

ಈಗ ನಮ್ಮ ಕಡೆಗೆ ಬರೋಣ. ಈ ಆಕೃತಿ ಭಾರತಕ್ಕೆ ಹೊಸದಲ್ಲ. ಶುಲ್ಬಸೂತ್ರಗಳಲ್ಲಿ ಬರುವ ಸೋಮಯಾಗದ ಮಹಾವೇದಿ ಒಂದು ಸಮದ್ವಿಬಾಹು ತ್ರಾಪಿಜ್ಯ. ಅದರ ಪೂರ್ವದ ಬಾಹು 24 ಪದ, ಪಶ್ಚಿಮದ ಬಾಹು 30 ಪದ, ನಡುವಿನ ಅಂತರ 36 ಪದ. ಒಂದು ಪಕ್ಕದ ತ್ರಿಭುಜವನ್ನು ಕತ್ತರಿಸಿ ಮಗುಚಿ ಇನ್ನೊಂದು ಪಕ್ಕಕ್ಕೆ ಜೋಡಿಸಿದರೆ 27 ಪದ ಅಗಲ, 36 ಪದ ಉದ್ದದ ಆಯತ ಬರುತ್ತದೆ; ವಿಸ್ತೀರ್ಣ 972 ಎಂದು ಆಪಸ್ತಂಬ ಶುಲ್ಬಸೂತ್ರ ತೋರಿಸುತ್ತದೆ. ಕಾಗದ ಮತ್ತು ಕತ್ತರಿ ಇದ್ದರೆ ಯಾವ ತರಗತಿಯಲ್ಲಾದರೂ ಐದು ನಿಮಿಷದಲ್ಲಿ ಮಾಡಿ ತೋರಿಸಬಹುದಾದ ಸಾಧನೆ ಇದು. ವೇದಿಯ ಪೂರ್ವದ ಮೂಲೆಗಳಿಗೆ ಅಂಸ, ಅಂದರೆ ಭುಜ. ಪಶ್ಚಿಮದ ಮೂಲೆಗಳಿಗೆ ಶ್ರೋಣಿ, ಅಂದರೆ ಸೊಂಟ ಎಂದು ಹೆಸರು. ಗ್ರೀಕರಿಗೆ ಮೇಜಾಗಿ ಕಂಡದ್ದು ನಮ್ಮವರಿಗೆ ಮಲಗಿದ ದೇಹವಾಗಿ ಕಂಡಿತ್ತು.

ನಂತರದ ಗಣಿತಗ್ರಂಥಗಳಲ್ಲಿ ಮೇಲಿನ ಬಾಹುವಿಗೆ ಮುಖ ಎಂದೂ ಕೆಳಗಿನದಕ್ಕೆ ಭೂಮಿ ಎಂದೂ ಎತ್ತರಕ್ಕೆ ಲಂಬ ಎಂದೂ ಹೆಸರುಗಳು ನಿಂತವು. ಸಮಾಂತರ ಬಾಹುಗಳ ಮೊತ್ತದ ಅರ್ಧವನ್ನು ಎತ್ತರದಿಂದ ಗುಣಿಸಬೇಕೆಂಬ ಸೂತ್ರ 499ರ ಆರ್ಯಭಟೀಯದಲ್ಲೇ ಇದೆ. ಕನ್ನಡ ನಾಡಿನ ಮಟ್ಟಿಗೆ ಮುಖ್ಯನಾದವನು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, 'ಗಣಿತಸಾರಸಂಗ್ರಹ' ರಚಿಸಿದ ಮಹಾವೀರಾಚಾರ್ಯ. ಚತುರ್ಭುಜಗಳನ್ನು ಅವನು ಸಮ, ಆಯತ, ದ್ವಿಸಮ, ತ್ರಿಸಮ, ವಿಷಮ ಎಂದು ಐದು ಬಗೆ ಮಾಡುತ್ತಾನೆ. ಕ್ಷೇತ್ರಗಣಿತದ ಅಧ್ಯಾಯವನ್ನು ವ್ಯಾವಹಾರಿಕ, ಸೂಕ್ಷ್ಮ ಎಂದು ಭಾಗ ಮಾಡುತ್ತಾನೆ. ವ್ಯಾವಹಾರಿಕ ಎಂದರೆ ಅಂದಾಜಿನ ಲೆಕ್ಕ: ಎದುರು ಬದುರಿನ ಬಾಹುಗಳ ಸರಾಸರಿ ತೆಗೆದು ಎರಡು ಸರಾಸರಿಗಳನ್ನು ಗುಣಿಸುವುದು. ಸೂಕ್ಷ್ಮ ಎಂದರೆ ಕರಾರುವಾಕ್ಕಾದ ಲೆಕ್ಕ. ಮುಖ ಮತ್ತು ಭೂಮಿಗಳ ಮೊತ್ತದ ಅರ್ಧವನ್ನು ಲಂಬದಿಂದ ಗುಣಿಸುವ ಸೂತ್ರವನ್ನು ಸೂಕ್ಷ್ಮದಲ್ಲಿ ಹೇಳಿ, ಇದು ವಿಷಮ ಚತುರ್ಭುಜಕ್ಕೆ ಸಲ್ಲದು ಎಂಬ ಎಚ್ಚರಿಕೆಯನ್ನೂ ಸೇರಿಸಿದ್ದಾನೆ. ಮುಂದೆ 12ನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳನ್ನು ಬರೆದ. ಕ್ಷೇತ್ರಗಣಿತ ಎಂದರೆ ಹೊಲದ ಲೆಕ್ಕ. ಗ್ರೀಕರ 'ಜಿಯೊಮೆಟ್ರಿ' ಎಂದರೂ ನೆಲದ ಅಳತೆಯೇ.

1150ರಲ್ಲಿ ಭಾಸ್ಕರಾಚಾರ್ಯ ಲೀಲಾವತಿಯಲ್ಲಿ ಈ ಆಕೃತಿಗೆ ನೇರವಾದ ಒಂದು ಹೆಸರು ಬಳಸಿದ: ಸಮಾನಲಂಬ ಚತುರ್ಭುಜ. ಮೇಲಿನ ಎರಡು ಮೂಲೆಗಳಿಂದ ಇಳಿಬಿಟ್ಟ ಲಂಬಗಳು ಸಮವಾಗಿದ್ದರೆ ಮೇಲಿನ ಬಾಹು ಕೆಳಗಿನದಕ್ಕೆ ಸಮಾಂತರವಾಗಿರಲೇಬೇಕು. ವ್ಯಾಖ್ಯೆಯೇ ಹೆಸರಾಗಿದೆ. ಹಿಂದಿ, ಮರಾಠಿ, ತೆಲುಗು ಪಠ್ಯಗಳ 'ಸಮಲಂಬ' ಈ ಸಾಲಿಗೆ ಸೇರಿದ್ದು. ಮಲಯಾಳದಲ್ಲಿ ಅದು 'ಲಂಬಕಂ'. ತಮಿಳರು ಇಳಿಜಾರು ಎಂಬರ್ಥದ ಸರಿವು ಪದದಿಂದ 'ಸರಿವಗಂ' ಮಾಡಿಕೊಂಡಿದ್ದಾರೆ. ಚೀನೀಯರಿಗೆ ಇದು ಏಣಿಯ ಆಕಾರ.

ಕನ್ನಡ ಮಾತ್ರ ಗ್ರೀಕ್ ಪದವನ್ನು ತೆಗೆದುಕೊಂಡು ಅದಕ್ಕೆ ಸಂಸ್ಕೃತದ ಅಂಗಿ ತೊಡಿಸಿತು. ಸಮಲಂಬ ಎನ್ನುವುದು ಹೆಚ್ಚು ಅರ್ಥಪೂರ್ಣ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಗೆಂದು ತ್ರಾಪಿಜ್ಯವನ್ನು ಹೊರದಬ್ಬಬೇಕೇ? ಹಾಗೆ ಹೊರಟರೆ 'ಕೇಂದ್ರ'ವನ್ನೂ ಬಿಡಬೇಕಾಗುತ್ತದೆ. ಎತ್ತುಗಳನ್ನು ಚುಚ್ಚಿ ಅಟ್ಟುವ ಮೊನೆಯ ಕೋಲಿಗೂ ಕೈವಾರದ ಊರಿದ ಮುಳ್ಳಿಗೂ ಗ್ರೀಕರು 'ಕೆಂತ್ರೊನ್' ಎನ್ನುತ್ತಿದ್ದರು. ಜ್ಯೋತಿಷದ ಮೂಲಕ ಭಾರತಕ್ಕೆ ಬಂದು ಅದು ಕೇಂದ್ರವಾಯಿತು. ಇಂದು ಕೇಂದ್ರ ಸರ್ಕಾರ, ಆರೋಗ್ಯ ಕೇಂದ್ರ ಎನ್ನುವಾಗ ಯಾರಿಗೂ ಗ್ರೀಸ್ ನೆನಪಾಗುವುದಿಲ್ಲ. ತ್ರಾಪಿಜ್ಯವೂ ಇರಲಿ. ಆದರೆ ಪಾಠ ಮಾಡುವಾಗ ಪಕ್ಕದಲ್ಲಿ ಸಮಲಂಬ ಎಂದೂ ಬರೆದು, ಅದರಲ್ಲಿ ಮೂರು ಇಲ್ಲವೆಂದು ಹೇಳಿದರೆ ಮಕ್ಕಳ ಅರ್ಧ ಗೊಂದಲ ಕಳೆಯುತ್ತದೆ.

ಒಂದು ಗುಂಟೆಯ ಪ್ರಶ್ನೆ

ಇಷ್ಟೆಲ್ಲ ಪದದ ಮಾತಾಯಿತು. ಅಂದಾಜಿನ ಲೆಕ್ಕ ಮತ್ತು ಸೂಕ್ಷ್ಮ ಲೆಕ್ಕಗಳ ವ್ಯತ್ಯಾಸ ಎಷ್ಟಿರಬಹುದು? ಒಂದು ಹೊಲವನ್ನು ತೆಗೆದುಕೊಳ್ಳೋಣ. ಸಮಾಂತರವಾದ ಎರಡು ಬದುಗಳು 60 ಮೀಟರ್ ಮತ್ತು 46 ಮೀಟರ್. ಉಳಿದ ಎರಡು ಓರೆ ಬದುಗಳು 13 ಮತ್ತು 15 ಮೀಟರ್. ಟೇಪು ಹಿಡಿದು ನಾಲ್ಕು ಬದುಗಳನ್ನು ಅಳೆದು, ಎದುರು ಬದುರಿನ ಸರಾಸರಿ ತೆಗೆಯುವುದು ಹಳ್ಳಿಗಳಲ್ಲಿ ಇಂದಿಗೂ ಕಾಣುವ ಪದ್ಧತಿ. 60 ಮತ್ತು 46ರ ಸರಾಸರಿ 53. 13 ಮತ್ತು 15ರ ಸರಾಸರಿ 14. ಗುಣಲಬ್ಧ 742 ಚದರ ಮೀಟರ್.

ಈಗ ಭಾಸ್ಕರನ ಸಮಾನಲಂಬದ ವಿಧಾನ. ಭೂಮಿಯಿಂದ ಮುಖವನ್ನು ಕಳೆಯಿರಿ: 60ರಲ್ಲಿ 46 ಹೋದರೆ 14. ಈ 14ನ್ನು ಪಾದವಾಗಿಯೂ ಓರೆ ಬಾಹುಗಳಾದ 13, 15ನ್ನು ಉಳಿದ ಬಾಹುಗಳಾಗಿಯೂ ಇಟ್ಟುಕೊಂಡು ಒಂದು ತ್ರಿಭುಜ ರಚಿಸಿ. ನಡುವಿನ ಆಯತಾಕಾರದ ಭಾಗವನ್ನು ತೆಗೆದು ಎರಡು ಪಕ್ಕದ ತ್ರಿಭುಜಗಳನ್ನು ಒಂದಕ್ಕೊಂದು ಅಂಟಿಸಿದಂತೆ ಇದು. 13, 14, 15ರ ತ್ರಿಭುಜದ ಎತ್ತರ 12. ಏಕೆಂದರೆ ಅದು 5, 12, 13 ಮತ್ತು 9, 12, 15ರ ಎರಡು ಲಂಬಕೋನ ತ್ರಿಭುಜಗಳಿಂದ ಆದದ್ದು. ಹಾಗಾದರೆ ಹೊಲದ ವಿಸ್ತೀರ್ಣ 53 ಮತ್ತು 12ರ ಗುಣಲಬ್ಧ, ಅಂದರೆ 636 ಚದರ ಮೀಟರ್.

ವ್ಯತ್ಯಾಸ 106 ಚದರ ಮೀಟರ್. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಆರೂಕಾಲು ಗುಂಟೆಯ ಹೊಲದಲ್ಲಿ ಇಲ್ಲದ ಒಂದು ಗುಂಟೆ ಕಾಗದದ ಮೇಲೆ ಹುಟ್ಟಿಕೊಂಡಿತು. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ, ಕೊಳ್ಳುವವನು ದುಡ್ಡು ಎಣಿಸುವಾಗ ಇದು ಸಣ್ಣ ವಿಷಯವಲ್ಲ. ಅದಲ್ಲದೆ ಈ ಅಂದಾಜಿನ ಲೆಕ್ಕ ಆಯತವೊಂದನ್ನು ಬಿಟ್ಟರೆ ಯಾವಾಗಲೂ ನಿಜಕ್ಕಿಂತ ಹೆಚ್ಚನ್ನೇ ತೋರಿಸುತ್ತದೆ, ಎಂದೂ ಕಡಿಮೆಯನ್ನಲ್ಲ. ಆದ್ದರಿಂದ ನಷ್ಟ ಯಾವಾಗಲೂ ಕೊಳ್ಳುವವನದೇ. ಪ್ರಾಚೀನ ಈಜಿಪ್ಟಿನ ಎಡ್ಫು ದೇವಾಲಯದ ಭೂದಾನದ ಶಾಸನಗಳಲ್ಲಿಯೂ ಇದೇ ಲೆಕ್ಕವಿದೆ. ಭೂಮಾಪಕರು ಹೊಲದ ನಡುವೆ ಒಂದು ಆಧಾರರೇಖೆ ಹಾಕಿ, ಅದಕ್ಕೆ ಲಂಬವಾಗಿ ಪ್ರತಿ ಮೂಲೆಯ ಅಂತರ ಹಿಡಿಯುವುದು ಈ ತಪ್ಪನ್ನು ತಪ್ಪಿಸಲಿಕ್ಕೇ. ಆಗ ಹೊಲ ಲಂಬಕೋನ ತ್ರಿಭುಜಗಳು ಮತ್ತು ತ್ರಾಪಿಜ್ಯಗಳಾಗಿ ಒಡೆಯುತ್ತದೆ.

ಓರೆ ಹೆಚ್ಚಾದಷ್ಟೂ ತಪ್ಪು ಬೆಳೆಯುತ್ತದೆ. ಇದೇ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ರಾಮ್ಸಾರ್ ತಾಣವೆಂದು ಘೋಷಿತವಾಗಿ ಹೆಸರಾಯಿತು. ಅಲ್ಲಿಗೆ ಹಕ್ಕಿ ನೋಡಲು ಹೋಗುವ ಶಾಲೆಗಳು ಕೆರೆಯ ಏರಿಯನ್ನೂ ಸ್ವಲ್ಪ ನೋಡಬೇಕು. ಯಾವುದೇ ಮಣ್ಣಿನ ಏರಿಯನ್ನು ಅಡ್ಡಲಾಗಿ ಕತ್ತರಿಸಿದಂತೆ ಊಹಿಸಿಕೊಂಡರೆ ಸಿಗುವುದು ಸುಮಾರಾಗಿ ತ್ರಾಪಿಜ್ಯ. ಕಾಲುವೆಯ ಅಡ್ಡಕೊಯ್ತ ಅದೇ ಆಕೃತಿ ತಲೆಕೆಳಗಾದದ್ದು. ಲೆಕ್ಕಕ್ಕೆಂದು ಮೇಲಗಲ 2 ಮೀಟರ್, ತಳದ ಅಗಲ 14 ಮೀಟರ್, ಎತ್ತರ 4 ಮೀಟರ್ ಇರುವ ಏರಿಯನ್ನು ಇಟ್ಟುಕೊಳ್ಳಿ. ಅಡ್ಡಕೊಯ್ತದ ವಿಸ್ತೀರ್ಣ 32 ಚದರ ಮೀಟರ್. 100 ಮೀಟರ್ ಉದ್ದದ ಏರಿಗೆ 3,200 ಘನ ಮೀಟರ್ ಮಣ್ಣು ಬೇಕು. ಎತ್ತರದ ಬದಲು ಇಳಿಜಾರಿನ ಉದ್ದವನ್ನು ಹಿಡಿದರೆ ಅದು 7.2 ಮೀಟರ್ ಆಗಿ, ಮಣ್ಣಿನ ಲೆಕ್ಕ ಸುಮಾರು 5,770 ಘನ ಮೀಟರಿಗೆ ಏರುತ್ತದೆ. ಪರೀಕ್ಷೆಯಲ್ಲಿ ಓರೆ ಬಾಹುವನ್ನೇ ಎತ್ತರವೆಂದು ಬರೆಯುವ ವಿದ್ಯಾರ್ಥಿ ಕಳೆದುಕೊಳ್ಳುವುದು ಎರಡು ಅಂಕ. ಅದೇ ತಪ್ಪು ಏರಿಯ ಅಂದಾಜುಪಟ್ಟಿಯಲ್ಲಿ ಬಂದರೆ ಹೋಗುವುದು ಎಷ್ಟು ಲಾರಿ ಮಣ್ಣಿನ ಹಣ ಎಂಬುದನ್ನು ತರಗತಿಯಲ್ಲೇ ಲೆಕ್ಕ ಹಾಕಿಸಬಹುದು.

ಸಮಾಂತರ ಚತುರ್ಭುಜ ತ್ರಾಪಿಜ್ಯವೇ?

ಶಿಕ್ಷಕರ ನಡುವೆ ಆಗಾಗ ಏಳುವ ಪ್ರಶ್ನೆ ಇದು. 'ಒಂದು ಜೊತೆ ಅಭಿಮುಖ ಬಾಹುಗಳು ಸಮಾಂತರ' ಎಂದಾಗ ಒಂದೇ ಜೊತೆಯೋ, ಕನಿಷ್ಠ ಒಂದು ಜೊತೆಯೋ? ಎರಡೂ ಬಗೆಯ ವ್ಯಾಖ್ಯೆಗಳು ಪ್ರಪಂಚದ ಪಠ್ಯಪುಸ್ತಕಗಳಲ್ಲಿವೆ. ವಿಸ್ತೀರ್ಣದ ಸೂತ್ರ ಸಮಾಂತರ ಚತುರ್ಭುಜಕ್ಕೂ ಹೊಂದುತ್ತದೆ. ಆದ್ದರಿಂದ ಅದನ್ನು ಒಳಗೆ ಸೇರಿಸಿಕೊಳ್ಳುವುದು ಅನುಕೂಲ, ವರ್ಗವನ್ನು ಆಯತದೊಳಗೆ ಸೇರಿಸಿಕೊಂಡ ಹಾಗೆ. ನನ್ನ ಒಲವು ಇದರ ಕಡೆಗೇ. ಆದರೆ ಭಾಸ್ಕರನ ವಿಧಾನವನ್ನು ಸಮಾಂತರ ಚತುರ್ಭುಜದ ಮೇಲೆ ಪ್ರಯೋಗಿಸಿ ನೋಡಿ. ಭೂಮಿಯಿಂದ ಮುಖವನ್ನು ಕಳೆದರೆ ಸೊನ್ನೆ. ತ್ರಿಭುಜವೇ ಹುಟ್ಟುವುದಿಲ್ಲ, ಎತ್ತರ ಸಿಗುವುದಿಲ್ಲ. ಲೆಕ್ಕ ಕೆಟ್ಟಿತೆಂದಲ್ಲ. ಬಾಹುಗಳಷ್ಟರಿಂದಲೇ ಸಮಾಂತರ ಚತುರ್ಭುಜದ ವಿಸ್ತೀರ್ಣ ನಿಶ್ಚಯವಾಗುವುದಿಲ್ಲ ಎಂಬುದನ್ನೇ ಆ ಸೊನ್ನೆ ಹೇಳುತ್ತಿದೆ. ಅಸಮಾನ ಮುಖ, ಭೂಮಿಗಳಿರುವ ತ್ರಾಪಿಜ್ಯದಲ್ಲಾದರೆ ಯಾವ ಎರಡು ಬಾಹುಗಳು ಸಮಾಂತರ ಎಂದು ತಿಳಿದರೆ ಸಾಕು. ಈ ಒಂದು ವಿಷಯದಲ್ಲಿ ಎರಡನ್ನೂ ಬೇರೆ ಇಟ್ಟವರಿಗೂ ಕಾರಣವಿದೆ. ಉತ್ತರಪತ್ರಿಕೆ ತಿದ್ದುವಾಗ ಮಾತ್ರ ಆಯಾ ಪಠ್ಯಪುಸ್ತಕದ ವ್ಯಾಖ್ಯೆಯನ್ನೇ ಹಿಡಿಯುವುದು ಮಕ್ಕಳಿಗೆ ನ್ಯಾಯ.

ಸಮಾಂತರದ ಮಾಹಿತಿ ಇಲ್ಲದಿದ್ದರೆ? ಲಂಬವನ್ನಾಗಲಿ ಕರ್ಣವನ್ನಾಗಲಿ ಹೇಳದೆ, ನಾಲ್ಕು ಬಾಹುಗಳನ್ನಷ್ಟೇ ಕೊಟ್ಟು ಚತುರ್ಭುಜದ ವಿಸ್ತೀರ್ಣ ಕೇಳುವವನು ಪಿಶಾಚಿಯೇ ಸರಿ, ಉತ್ತರ ಹೇಳಹೊರಟವನು ಅವನಿಗಿಂತ ದೊಡ್ಡ ಪಿಶಾಚಿ ಎಂಬರ್ಥದಲ್ಲಿ ಲೀಲಾವತಿ ಗದರುತ್ತದೆ. ಇದನ್ನು ಕೈಯಾರೆ ನೋಡಲು 60, 13, 46, 15 ಸೆಂಟಿಮೀಟರ್ ಉದ್ದದ ನಾಲ್ಕು ಬಿದಿರ ಕಡ್ಡಿಗಳನ್ನು ಇದೇ ಕ್ರಮದಲ್ಲಿ ಮೂಲೆಗೊಂದು ಗುಂಡುಸೂಜಿ ಹಾಕಿ ಜೋಡಿಸಿ. ಚೌಕಟ್ಟು ಬಿಗಿಯಾಗಿ ನಿಲ್ಲುವುದಿಲ್ಲ, ಆಚೀಚೆ ವಾಲುತ್ತದೆ. ಉದ್ದದ ಕಡ್ಡಿಗಳು ಸಮಾಂತರವಾಗಿ ನಿಂತಾಗ ಒಳಗಿನ ವಿಸ್ತೀರ್ಣ 636 ಚದರ ಸೆಂಟಿಮೀಟರ್. ಒಂದು ಕಡೆಗೆ ಪೂರ್ತಿ ಒತ್ತಿದರೆ ಅದು 400ಕ್ಕಿಂತ ಕೆಳಗಿಳಿಯುತ್ತದೆ. ಅತಿ ಹೆಚ್ಚೆಂದರೆ ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲೆ ಬರುವಂತೆ ನಿಲ್ಲಿಸಿದಾಗ, 628ರಲ್ಲಿ ಬ್ರಹ್ಮಗುಪ್ತ ಕೊಟ್ಟ ಸೂತ್ರದ ಪ್ರಕಾರ, ಸುಮಾರು 642 ಬರುತ್ತದೆ. ಹೊಲದ ಸರಾಸರಿ ಲೆಕ್ಕದಲ್ಲಿ ಬಂದ 742 ಮಾತ್ರ ಈ ಕಡ್ಡಿಗಳನ್ನು ಹೇಗೆ ತಿರುಗಿಸಿದರೂ ಬರುವುದಿಲ್ಲ.